ನೂರ ನಲವತ್ತು ಮರಗಳು, ಒಂದು ನಾಲಿಗೆ

ಅಕ್ಟೋಬರ್ 3

ಅಪ್ಪ,

ಈ ಕಾಗದವನ್ನು ಕೂತು ಓದು. ನಿಂತು ಓದಿದರೆ ಅರ್ಧಕ್ಕೇ ಅಂಗಳಕ್ಕಿಳಿದು ಊರಿಗೆಲ್ಲ ಕೇಳುವ ಹಾಗೆ ಬೈಯಲು ಶುರುಮಾಡುತ್ತೀಯ, ಉಳಿದರ್ಧ ಒಲೆಯ ಪಾಲಾಗುತ್ತದೆ. ಕೂತೆಯಾ? ಹಾಗಾದರೆ ಹೇಳುತ್ತೇನೆ. ಮೊನ್ನೆ ನಮ್ಮ ತೋಟದಿಂದ ಬಂದ ಲಾರಿಯಲ್ಲಿ ಅರವತ್ತು ಪೆಟ್ಟಿಗೆ ಸೇಬಿಗೆ ಕೆಂಪು ಗೀಟು ಬಿದ್ದಿದೆ. ಗೀಟು ಎಳೆದವಳು ನಾನು.

ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು ಎಂದು ಬರೆಯುತ್ತಿದ್ದೇನೆ. ಈ ಜಾಮ್ ಕಾರ್ಖಾನೆಯ ಬಾಗಿಲಲ್ಲಿ ಆರು ವರ್ಷದಿಂದ ಕೂತು ರುಚಿ ನೋಡುತ್ತಿದ್ದೇನೆ. ಸಾಲಿಗೊಂದು ಹಣ್ಣು ತೆಗೆದು, ತೊಳೆದು, ಸಿಪ್ಪೆಸಮೇತ ಕಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಂಡು ಮೂವತ್ತರವರೆಗೆ ಎಣಿಸುತ್ತೇನೆ. ಹುಳಿಯೋ ಸಿಹಿಯೋ ಪುಸ್ತಕದಲ್ಲಿ ಬರೆಯುತ್ತೇನೆ. ನಾಲಿಗೆ ಹಿಡಿದರೆ, ಅಂದರೆ ತುಟಿ ತುರಿಸಿದರೆ, ಅಂಗುಳು ಚುರುಗುಟ್ಟಿದರೆ, ಕೊಯ್ಲಿನ ಹೊತ್ತಿಗೆ ಯಾರೋ ಔಷಧಿ ಹೊಡೆದಿದ್ದಾರೆ ಎಂದು ಅರ್ಥ. ಕೆಂಪು ಸೀಮೆಸುಣ್ಣ ಎತ್ತಿಕೊಳ್ಳಬೇಕು, ಗೀಟು ಬಿದ್ದ ಪೆಟ್ಟಿಗೆ ಒಳಗೆ ಹೋಗುವಂತಿಲ್ಲ. ನನಗೆ ಕಲಿಸಿದ ಮುದುಕಿ ಹಾಗೆಯೇ ಹೇಳಿದ್ದಳು, ಅವಳಿಗೆ ಕಲಿಸಿದವರೂ ಹಾಗೆಯೇ ಹೇಳಿದ್ದರಂತೆ.

ನಿನ್ನ ಹಳೇ ಸಾಲಿನ ಹಣ್ಣು ಮುತ್ತಿನ ಹಾಗಿತ್ತು. ಚಿಕ್ಕಪ್ಪನ ಹೊಸ ಸಾಲಿನ ಮೊದಲ ಹಣ್ಣು ಕಚ್ಚಿದೆ. ಹನ್ನೆರಡು ಎಣಿಸುವಷ್ಟರಲ್ಲಿ ತುಟಿ ಉರಿಯಿತು. ಇನ್ನೊಂದು ಕಚ್ಚಿದೆ. ಕಿವಿಯ ಒಳಗಿನವರೆಗೂ ತುರಿಕೆ. ಪಕ್ಕದಲ್ಲಿ ನಿಂತಿದ್ದ ತೂಕದವನು, "ಏನಮ್ಮ, ಅಪ್ಪನ ಮನೆ ಹಣ್ಣು ಅಂತ ಮುದ್ದು ಮಾಡ್ತಾ ಇದೀಯಾ?" ಎಂದ. ಆಗ ಗೀಟು ಎಳೆದೆ.

ಆ ಸಾಲಿಗೆ ಏನು ಹೊಡೆದಿರಿ, ಯಾವತ್ತು ಹೊಡೆದಿರಿ, ನಿಜ ಬರೆ. ಹಣ್ಣಿನ ತುಂಡನ್ನು ಪರೀಕ್ಷೆಗೆ ಕಳಿಸಿದ್ದಾರೆ.

ನಿನ್ನ ಮಗಳು

*

ಅಕ್ಟೋಬರ್ 8

ಮಗಳೇ,

ಕೂತೇ ಓದಿದೆ. ಓದಿ ಎದ್ದೆ. ಎದ್ದವನು ತೋಟದ ಈ ತುದಿಯಿಂದ ಆ ತುದಿಗೆ ಎಂಟು ಸಲ ನಡೆದೆ. ನಾನು ಬೈದದ್ದು ಊರಿಗೆಲ್ಲ ಕೇಳಿಸಿತೋ ಇಲ್ಲವೋ, ಪಕ್ಕದ ತೋಟದ ಮೀಸೆಗಂತೂ ಕೇಳಿಸಿದೆ. ಬೇಲಿಯ ಆಚೆಯಿಂದ, "ಏನಣ್ಣ, ಇವತ್ತು ಯಾರಿಗೆ ಅಭಿಷೇಕ?" ಎಂದ. ಆ ಮೀಸೆಯೇ ಈಗ ಬೆಳೆಗಾರರ ಸಂಘದ ಅಧ್ಯಕ್ಷ. ಎಂಥ ಸಂಘ, ಎಂಥ ಅಧ್ಯಕ್ಷ.

ಕೇಳು. ಭೂಮಿ ಮುಟ್ಟಿ ಹೇಳುತ್ತೇನೆ. ಜುಲೈ ಮುಗಿದ ಮೇಲೆ ನಮ್ಮ ತೋಟದಲ್ಲಿ ಔಷಧಿಯ ಡಬ್ಬದ ಮುಚ್ಚಳ ತೆಗೆದಿಲ್ಲ. ಈ ನಿನ್ನಪ್ಪ ಹಸಿವಿಗೆ ಅಂಜಿದವನಲ್ಲ, ಆಳುವವರಿಗೆ ಬಾಗಿದವನಲ್ಲ, ಇನ್ನು ಹುಳುವಿಗೆ ಹೆದರಿ ಜನರ ಬಾಯಿಗೆ ವಿಷ ಹಾಕುತ್ತಾನೆಯೇ? ಡಬ್ಬಗಳಿರುವ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿದೆ. ಇನ್ನೊಂದು ನಿನ್ನ ಚಿಕ್ಕಪ್ಪನ ಹತ್ತಿರ ಇದೆ.

ಅವನಿಗೂ ನಿನ್ನ ಕಾಗದ ಓದಿ ಹೇಳಿದೆ. ಕಸಿ ಮಾಡುವ ಚಾಕುವನ್ನು ಕಲ್ಲಿಗೆ ಉಜ್ಜುತ್ತ ಕೂತಿದ್ದ. "ಪಾಪ, ಮಗುವಿಗೆ ಬಾಯಿ ಉರಿಯಿತಂತಾ?" ಎಂದ. ಅಷ್ಟೇ. ಅವನ ಹಣ್ಣಿಗೆ ಮಸಿ ಬಳಿದಿದ್ದಾರೆ, ಅವನಿಗೆ ನಿನ್ನ ಬಾಯಿಯ ಚಿಂತೆ. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟಿದ ಒಂದು ಗಿಡ ಕಂಡುಹಿಡಿದು, ಅದರ ಕಡ್ಡಿ ಕೊಯ್ದು ಕಾಡುಸೇಬಿನ ಬುಡಗಳಿಗೆ ಕೂಡಿಸಿ, ಏಳು ವರ್ಷ ಕೂಸಿನ ಹಾಗೆ ಸಾಕಿದ. ನೂರ ನಲವತ್ತು ಮರ. ಲಾರಿ ತುಂಬುವಷ್ಟು ಫಸಲು ಬಂದದ್ದು ಈ ವರ್ಷವೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಬಾಯಿಗೆ ಬಂದು ಉಗುಳಿಸಿಕೊಂಡ ಕಥೆ.

ಇನ್ನೊಂದು ಸಲ ರುಚಿ ನೋಡು. ಶೀತವಾಗಿತ್ತೋ ಏನೋ. ಖಾರ ತಿಂದಿದ್ದೆಯೋ ಏನೋ.

ಇಂತಿ, ಈ ವಯಸ್ಸಿನಲ್ಲಿ ಕಳ್ಳನೆನಿಸಿಕೊಂಡ
ನಿನ್ನ ಅಪ್ಪ

*

ಅಕ್ಟೋಬರ್ 19

ಅಪ್ಪ,

ಒಂದು ಸಲವಲ್ಲ, ಮೂರು ದಿನ ನೋಡಿದೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೋಡಿದೆ, ಬಾಯಿ ಮುಕ್ಕಳಿಸಿ ನೋಡಿದೆ, ಕಣ್ಣು ಕಟ್ಟಿಸಿಕೊಂಡು ನೋಡಿದೆ. ತೂಕದವನು ಹಣ್ಣು ಬೆರೆಸಿ ಒಂದೊಂದಾಗಿ ಕೈಗೆ ಕೊಟ್ಟ. ನಿನ್ನ ಹಳೇ ಸಾಲಿನದು ಒಂದೂ ಹಿಡಿಯಲಿಲ್ಲ. ಚಿಕ್ಕಪ್ಪನ ಸಾಲಿನದು ಒಂದೂ ಬಿಡಲಿಲ್ಲ. ಕಣ್ಣು ಕಟ್ಟಿದ್ದರೂ ಇದು ಅಪ್ಪನದು, ಅದು ಚಿಕ್ಕಪ್ಪನದು ಎಂದು ಬೇರ್ಪಡಿಸಿದೆ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಎಂಥ ಹೊತ್ತಿನಲ್ಲಿ ಎಂಥ ಚಪ್ಪಾಳೆ.

ಪರೀಕ್ಷೆಯ ಫಲಿತಾಂಶ ಬಂದಿದೆ: ಯಾವ ಔಷಧಿಯೂ ಪತ್ತೆಯಾಗಿಲ್ಲ. ಮೇಲ್ವಿಚಾರಕರು ನನ್ನನ್ನು ಕೋಣೆಗೆ ಕರೆದರು. "ನೋಡಮ್ಮ, ಯಂತ್ರ ಇಲ್ಲ ಅನ್ನುತ್ತೆ, ನೀನು ಇದೆ ಅಂತೀಯ. ಬೆಳೆಗಾರ ಒಪ್ಪಿಕೊಂಡರೆ ಸರಿ. ಒಪ್ಪದಿದ್ದರೆ ಈ ಕುರ್ಚಿಯಲ್ಲಿ ಇನ್ನೊಂದು ನಾಲಿಗೆ ಕೂರಿಸಬೇಕಾಗುತ್ತೆ" ಎಂದರು. ನಾನು ಹೇಳಿದೆ: ಯಂತ್ರಕ್ಕೆ ಹೆಸರು ಹೇಳಿಕೊಟ್ಟ ವಿಷ ಮಾತ್ರ ಗೊತ್ತು ಸಾರ್, ಹೊಸದು ಬಂದರೆ ಅದು ಕುರುಡು. ನಾಲಿಗೆ ಕುರುಡಲ್ಲ.

ಇನ್ನೂ ಎರಡು ಮಾತಿದೆ, ಅವು ನನ್ನ ನಿದ್ದೆ ಕೆಡಿಸಿವೆ. ಅದೇ ಹಣ್ಣನ್ನು ಒಂದು ಬೋಗುಣಿಯಷ್ಟು ಕುದಿಸಿ ನೋಡಿದೆ. ಬೆಂದ ಮೇಲೆ ಏನೂ ಇಲ್ಲ. ಮೂರು ಚಮಚ ತಿಂದರೂ ತುಟಿ ತಣ್ಣಗಿತ್ತು. ಅಂದರೆ ಬೆಂಕಿ ತಾಗಿದರೆ ಹಾರಿಹೋಗುವಂಥದ್ದನ್ನು ಹೊಡೆದಿದ್ದಾರೆ. ಎರಡನೆಯದು, ನಾಲ್ಕು ವರ್ಷದ ಹಿಂದೆ ಆ ಮರಗಳು ಮೊದಲ ಸಲ ಬುಟ್ಟಿಯಷ್ಟು ಬಿಟ್ಟಾಗ ಅಲ್ಲೇ ನಿಂತು ಎರಡು ಹಣ್ಣು ತಿಂದಿದ್ದೆ. ಚಿಕ್ಕಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಆವತ್ತು ಏನೂ ಆಗಿರಲಿಲ್ಲ. ಹಣ್ಣು ಅದೇ, ಬಾಯಿ ಅದೇ. ಬದಲಾದದ್ದು ಏನು?

ನೀನು ಹೊಡೆದಿಲ್ಲ ಎಂದು ನನಗೆ ಗೊತ್ತು. ಬೀಗದ ಕೈ ಎರಡಿವೆ ಎಂದು ಬರೆದವನು ನೀನೇ.

ನಿನ್ನ ಮಗಳು

*

ನವೆಂಬರ್ 2

ಮಗಳೇ,

ಮುಗಿಯಿತು. ಒಪ್ಪಿಕೊಂಡ.

ಹೇಗೆ ಎಂದು ಕೇಳುತ್ತೀಯ, ಹೇಳದೆ ನನಗೂ ಎದೆಯ ಭಾರ ಇಳಿಯದು. ಭಾನುವಾರ ಮಧ್ಯಾಹ್ನ, ಪೆಟ್ಟಿಗೆ ಜೋಡಿಸುವ ಕೊಟ್ಟಿಗೆಯಲ್ಲಿ ನಾವಿಬ್ಬರೇ. ಮಧ್ಯೆ ಒಂದು ಖಾಲಿ ಪೆಟ್ಟಿಗೆ, ಅದರ ಮೇಲೆ ನಿನ್ನ ಕಾಗದ. ನಾನು ಕೇಳಿದೆ, "ಹೊಡೆದೆಯೇನೋ?"

"ಇಲ್ಲ ಅಣ್ಣ."

ಕಾಗದವನ್ನು ಮತ್ತೊಮ್ಮೆ ಓದಿ ಹೇಳಿದೆ. ಕಣ್ಣು ಕಟ್ಟಿದ್ದು, ಬೇಯಿಸಿದ್ದು, ನಾಲ್ಕು ವರ್ಷದ ಹಿಂದಿನದು, ನಿನ್ನ ಕುರ್ಚಿಯ ಮಾತು, ಎಲ್ಲ. "ಹಾಗಾದರೆ ನಮ್ಮ ಮಗುವಿನ ನಾಲಿಗೆ ಸುಳ್ಳು ಹೇಳ್ತಾ ಇದೆಯಾ? ತಾಯಿ ಇಲ್ಲದ ಮಗು, ನಿನ್ನ ಹೆಗಲ ಮೇಲೆ ಬೆಳೆದದ್ದು, ನಿನ್ನ ಮೇಲೆ ಸುಳ್ಳು ಹೇಳುತ್ತಾ? ಹೊಡೆದೆಯೋ ಇಲ್ಲವೋ?" ಎಂದೆ. ಅವನು ಏನೂ ಹೇಳಲಿಲ್ಲ. ನನ್ನನ್ನೇ ನೋಡಿದ. ತಪ್ಪಿಲ್ಲದವನು ಹಾಗೆ ಸುಮ್ಮನಿರುತ್ತಾನೆಯೇ? ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಕೊಟ್ಟಿಗೆಯ ಹೆಂಚು ಹಾರಿಹೋಗುತ್ತಿದ್ದವು.

ಮೂರನೇ ಸಲ ಕೇಳಿದೆ.

"ಹೊಡೆದೆ" ಎಂದ.

ಏನನ್ನು, ಎಲ್ಲಿಂದ ತಂದೆ ಎಂದರೆ ತಲೆ ಅಲ್ಲಾಡಿಸಿದ. ಸಂಘದವರು ಬರೆದ ಕಾಗದಕ್ಕೆ ಮಂಗಳವಾರ ಸಹಿ ಹಾಕಿದ. ಇನ್ನು ಈ ಸೀಮೆಯ ಯಾವ ತೋಟದಲ್ಲೂ ಅವನು ಮರ ಮುಟ್ಟುವ ಹಾಗಿಲ್ಲ. ಮೀಸೆ ನನ್ನ ಬೆನ್ನು ತಟ್ಟಿ, "ಮನೆಯೊಳಗಿನ ಹಾವು ಹೊರಗೆ ಬಂತಲ್ಲ ಬಿಡು" ಎಂದ. ಆ ಕೈಯನ್ನು ಕಿತ್ತೆಸೆಯಬೇಕು ಅನ್ನಿಸಿತು, ಆದರೆ ಏನಂತ ಕೀಳಲಿ?

ಸಂಜೆಯೇ ಅವನ ಬಟ್ಟೆಯ ಪೆಟ್ಟಿಗೆಯನ್ನು ಅಂಗಳಕ್ಕಿಟ್ಟೆ. ಅವನು ಬಗ್ಗಿ ಎತ್ತಿಕೊಳ್ಳುವ ಮೊದಲು ಗರಗಸ ತಂದು ಮೊದಲನೇ ಮರವನ್ನು ಅವನ ಎದುರಿಗೇ ಕೊಯ್ದೆ. ಯಾಕೆ ಎಂದು ಕೇಳಬೇಡ. ಅವನು ಕಿರುಚಲಿ ಎಂದು ಕೊಯ್ದೆನೋ ಏನೋ. ಅವನು ಕಿರುಚಲಿಲ್ಲ. ಉಳಿದ ನೂರ ಮೂವತ್ತೊಂಬತ್ತನ್ನು ಆರು ದಿನದಲ್ಲಿ ನೆಲಸಮ ಮಾಡಿದೆ. ರೆಂಬೆ, ಕಡ್ಡಿ, ಎಲೆ, ಒಂದನ್ನೂ ಬಿಡದೆ ಸುಟ್ಟೆ. ನೀನು ಈಗ ನೆಮ್ಮದಿಯಾಗಿ ಕೆಲಸ ಮಾಡು. ನಿನ್ನ ನಾಲಿಗೆ ಗೆದ್ದಿದೆ.

ನಿನ್ನ ಅಪ್ಪ

*

ಡಿಸೆಂಬರ್ 11

ಚಿಕ್ಕಪ್ಪ,

ನೀನು ಶೈತ್ಯಾಗಾರದಲ್ಲಿ ಪೆಟ್ಟಿಗೆ ಹೊರುತ್ತಿದ್ದೀಯ ಎಂದು ಲಾರಿಯವನು ಹೇಳಿದ. ಅಲ್ಲಿ ಒಳಗೆ ಹೋದವರು ಗಂಟೆಗೊಮ್ಮೆ ಹೊರಗೆ ಬಂದು ಕೈ ಉಜ್ಜಿಕೊಳ್ಳಬೇಕಂತೆ. ನೀನು ಬರುವುದೇ ಇಲ್ಲವಂತೆ.

ಉಣ್ಣೆಯ ಕೈಗವಸು ಕಳಿಸಿದ್ದೇನೆ. ಬೇಡ ಅನಿಸಿದರೆ ಯಾರಿಗಾದರೂ ಕೊಡು. ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಒಂದೇ ಒಂದು ಸಲ ನನಗೆ ಹೇಳಿದ್ದರೆ ಆಗುತ್ತಿತ್ತು, "ಮಗು, ಹುಳು ಬಿತ್ತು, ಏಳು ವರ್ಷದ ಕಷ್ಟ ಹೋಗುತ್ತೆ ಅಂತ ಹೆದರಿ ಹೊಡೆದೆ" ಅಂತ. ಗೀಟು ಆಗಲೂ ಎಳೆಯುತ್ತಿದ್ದೆ. ಆದರೆ ಜೊತೆಗೆ ಅಳುತ್ತಿದ್ದೆ.

ಉತ್ತರ ಬರೆ.

ನಿನ್ನ ಮಗು

*

ಫೆಬ್ರವರಿ 20

ಮಗಳೇ,

ಮರ ಸವರುವ ಕಾಲ. ಕೂಲಿಗೆ ಇಬ್ಬರನ್ನು ಕರೆದೆ. ಒಬ್ಬ ಮರವನ್ನು ಕತ್ತರಿಸುವುದು ಬಿಟ್ಟು ಏಣಿಯನ್ನು ಕತ್ತರಿಸಿದ, ಇನ್ನೊಬ್ಬ ಎರಡನ್ನೂ ಬಿಟ್ಟು ಮಲಗಿದ. ಕಳಿಸಿಬಿಟ್ಟೆ. ನಾನೇ ಹತ್ತುತ್ತಿದ್ದೇನೆ. ಯಾವ ರೆಂಬೆ ಇಡಬೇಕು, ಯಾವುದು ತೆಗೆಯಬೇಕು ಎಂದು ಕೆಳಗಿನಿಂದ ಹೇಳುವವರಿಲ್ಲ. ಹೇಳಿದರೆ ನಾನು ಕೇಳುತ್ತಲೂ ಇರಲಿಲ್ಲ, ಆದರೂ ಒಂದು ಸದ್ದಿರುತ್ತಿತ್ತು.

ಊಟಕ್ಕೆ ಎರಡು ತಟ್ಟೆ ಇಡುವ ಕೈ ಇನ್ನೂ ಬುದ್ಧಿ ಕಲಿತಿಲ್ಲ. ಒಂದನ್ನು ಅಟ್ಟಕ್ಕೆ ಹಾಕಿದ್ದೇನೆ. ನೀನೇನೂ ಬರೆಯುತ್ತಿಲ್ಲ. ಅವನು ನಿನಗೆ ಬರೆದನೇನು? ಸುಮ್ಮನೆ ಕೇಳಿದೆ.

ನಿನ್ನ ಅಪ್ಪ

*

ಏಪ್ರಿಲ್ 24

ಅಪ್ಪ,

ಇದನ್ನೂ ಕೂತು ಓದು. ಆವತ್ತು ತಮಾಷೆಗೆ ಹೇಳಿದ್ದೆ. ಇವತ್ತು ತಮಾಷೆಯಿಲ್ಲ.

ಕಾರ್ಖಾನೆಯ ವಸತಿಗೃಹಕ್ಕೆ ಬಂದು ಮೂರು ವರ್ಷವಾಯಿತಲ್ಲ, ಮೂರು ವಸಂತದಲ್ಲೂ ನನಗೆ ಹಾಳು ಶೀತ. ಬೀದಿಯ ಎರಡು ಬದಿಗೂ ಬಿಳಿ ತೊಗಟೆಯ ಮರಗಳನ್ನು ನೆಟ್ಟಿದ್ದಾರೆ. ನೋಡಲು ಚೆಂದ. ಈ ತಿಂಗಳಲ್ಲಿ ಅವುಗಳಿಂದ ಕಂಬಳಿಹುಳುವಿನಂಥ ಹೂಗೊಂಚಲು ಜೋತುಬಿದ್ದು ಹಳದಿ ಪುಡಿ ಉದುರುತ್ತದೆ. ಒಗೆದು ಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಅಂಚಿನ ಮೇಲೆ, ತಲೆದಿಂಬಿನ ಮೇಲೆ. ಈ ಸಲ ಕಣ್ಣು ತೆರೆಯಲಾರದಷ್ಟು ಊದಿಕೊಂಡವು. ತೂಕದವನು, "ಕಣ್ಣು ಕಟ್ಟೋಕೆ ಬಟ್ಟೆಯೇ ಬೇಡ ಈಗ" ಎಂದ. ಡಾಕ್ಟರಮ್ಮನ ಹತ್ತಿರ ಹೋದೆ. ತೋಳಿನ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ಆ ಬಿಳಿ ಮರದ ಪರಾಗ ಇಟ್ಟ ಜಾಗ ಕಾಸಿನಗಲ ಎದ್ದಿತು.

ಆಮೇಲೆ ಅವರು ಕೇಳಿದ್ದು ಇಷ್ಟೇ: "ಹಸಿ ಸೇಬು ತಿಂದರೆ ಬಾಯಿ ತುರಿಸುತ್ತಾ?"

ಅಪ್ಪ, ನಾನು ಆ ಕೋಣೆಗೆ ಹೋದದ್ದು ಮೂಗಿಗೆ ಔಷಧಿ ಕೇಳಲು. ನಾನು ಸೇಬಿನ ಕೆಲಸದವಳು ಎಂದು ಅವರಿಗೆ ಹೇಳಿರಲೇ ಇಲ್ಲ. "ಬೇಯಿಸಿದರೆ ಏನೂ ಆಗಲ್ಲ, ಅಲ್ವಾ?" ಎಂದರು.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಆ ಮರದ ಪರಾಗದಲ್ಲಿ ಒಂದು ಪ್ರೋಟೀನು ಇದೆ, ಸೇಬಿನಲ್ಲಿ ಅದಕ್ಕೆ ಅವಳಿಯಂಥ ಇನ್ನೊಂದು ಇದೆ. ಪರಾಗವನ್ನು ಮೂರು ವರ್ಷ ಉಸಿರಾಡಿ ನನ್ನ ಮೈ ಅದನ್ನು ವೈರಿಯೆಂದು ಬರೆದಿಟ್ಟುಕೊಂಡಿದೆ. ಸೇಬು ಬಾಯಿಗೆ ಬಂದ ಕೂಡಲೇ, ಬಂದ ನೋಡು ಅದೇ ವೈರಿ ಎಂದು ಎದ್ದು ನಿಲ್ಲುತ್ತದೆ. ಮುಖ ನೋಡಿ ಮೋಸಹೋದ ಕಾವಲುಗಾರ ನೆಂಟನನ್ನೇ ಕಡಿದ ಹಾಗೆ. ಕುದಿಸಿದರೆ ಆ ಪ್ರೋಟೀನಿನ ಆಕಾರ ಕೆಡುತ್ತದೆ, ಮೈಗೆ ಗುರುತು ಸಿಗುವುದಿಲ್ಲ. "ಹಾಗಾದರೆ ಒಂದು ತೋಟದಲ್ಲೇ ಒಂದು ಸಾಲಿನ ಹಣ್ಣು ಹಿಡಿದು ಇನ್ನೊಂದು ಬಿಡುವುದು ಹೇಗೆ?" ಎಂದು ಕೇಳಿದೆ. "ಎಲ್ಲ ಜಾತಿಯ ಸೇಬಲ್ಲೂ ಅದು ಒಂದೇ ಸಮ ಇರಲ್ಲ. ಕೆಲವದರಲ್ಲಿ ತುಂಬಾ, ಕೆಲವದರಲ್ಲಿ ಏನೇನೂ ಇಲ್ಲ ಅನ್ನುವಷ್ಟು ಕಡಿಮೆ" ಎಂದರು.

ಬದಲಾದದ್ದು ಏನು ಎಂದು ಕೇಳಿದ್ದೆನಲ್ಲ ಅಪ್ಪ. ಬದಲಾದದ್ದು ನನ್ನ ಬಾಯಿ.

ಹಣ್ಣಿನಲ್ಲಿ ಏನೂ ಇರಲಿಲ್ಲ. ಯಂತ್ರ ನಿಜ ಹೇಳಿತ್ತು. ಚಿಕ್ಕಪ್ಪ ಏನನ್ನೂ ಹೊಡೆದಿರಲಿಲ್ಲ. ನನ್ನ ಕುರ್ಚಿ ಉಳಿಯಲಿ ಎಂದು ಹೊಡೆದೆ ಎಂದನಲ್ಲವಾ? ಕಾಗದದಲ್ಲಿ ಕುರ್ಚಿಯ ಮಾತನ್ನು ಬರೆದವಳು ನಾನೇ.

ಮೇಲ್ವಿಚಾರಕರಿಗೆ ಹೇಳಿದೆ. ಒಪ್ಪಿಗೆಪತ್ರ ಇರುವಾಗ ಇದೆಲ್ಲ ಯಾಕೆ, ಕಡತ ಮುಚ್ಚಿದೆ ಎಂದರು. ಸಂಘದ ಸಭೆ ಮೇ ಇಪ್ಪತ್ತಕ್ಕೆ. ನಾನು ಬರುತ್ತೇನೆ. ನೀನು ನನ್ನ ಪಕ್ಕದಲ್ಲಿ ನಿಲ್ಲಬೇಕು.

ನಿನ್ನ ಮಗಳು

*

ಮೇ 1

ಮಗಳೇ,

ಅವನು ಒಪ್ಪಿಕೊಂಡಿದ್ದಾನೆ. ನನ್ನ ಎದುರು, ತನ್ನ ಬಾಯಿಂದ. ಸಹಿ ಇದೆ.

ಡಾಕ್ಟರಿಗೆ ಮರದ ಸಂಗತಿ ಏನು ಗೊತ್ತು? ಹೂವಿನ ಪುಡಿಗೂ ಹಣ್ಣಿಗೂ ನಂಟು ಕಟ್ಟುವವರು ನಾಳೆ ಮೋಡಕ್ಕೂ ಮೊಣಕಾಲಿಗೂ ಮದುವೆ ಮಾಡುತ್ತಾರೆ. ನಿನ್ನ ಕುರ್ಚಿಯಲ್ಲಿ ನೀನು ಇರು. ಸಭೆಗೆ ಬರಬೇಡ. ನಾನು ಬರುವುದಿಲ್ಲ.

ನೂರ ನಲವತ್ತು ಮರ ಕಡಿದವನು ನಾನು. ಅದನ್ನು ನೆನಪಿನಲ್ಲಿಟ್ಟುಕೊಂಡು ಮಾತಾಡು.

ನಿನ್ನ ಅಪ್ಪ

*

ಮೇ 23

ಚಿಕ್ಕಪ್ಪ,

ಹೋದ ತಿಂಗಳು ಬರೆದ ಕಾಗದದಲ್ಲಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಿನಗೂ ತಿಳಿಸಿದ್ದೆ. ನೀನು ಉತ್ತರ ಬರೆಯಲಿಲ್ಲ. ಬರೆಯಬೇಕಿಲ್ಲ. ಈಗ ಸಭೆಯಲ್ಲಿ ಆದದ್ದನ್ನು ಕೇಳು.

ಸಂಘದ ಹಾಲ್ ತುಂಬಿತ್ತು. ಅಪ್ಪ ಕೊನೆಯ ಬೆಂಚಿನಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಬರುವುದಿಲ್ಲ ಎಂದವನು ಎಲ್ಲರಿಗಿಂತ ಮೊದಲು ಬಂದಿದ್ದನಂತೆ. ನಾನು ಎದ್ದು ಹೇಳಿದೆ. ಅರ್ಧ ಜನಕ್ಕೆ ಅರ್ಥವಾಗಲಿಲ್ಲ, ಉಳಿದರ್ಧ ಜನ ಆಕಳಿಸಿದರು. ಮೀಸೆಯವರು, "ಮನೆಯ ಮಾನ ಉಳಿಸೋಕೆ ಮಗಳು ಒಳ್ಳೆ ಕಥೆ ಕಟ್ಟಿದ್ದಾಳೆ" ಎಂದರು. ನಗು ಎದ್ದಿತು.

"ಅಧ್ಯಕ್ಷರೇ, ನಿಮ್ಮ ತೋಟದ ಹಸಿರು ಸೇಬು ಶೈತ್ಯಾಗಾರದಲ್ಲಿ ಇದೆಯಲ್ಲ, ಒಂದು ತರಿಸಿ" ಎಂದೆ. ಅವರ ಹಣ್ಣು ನೇರ ಪೇಟೆಗೆ ಹೋಗುತ್ತದೆ, ನನ್ನ ಬಾಗಿಲಿಗೆ ಬಂದದ್ದೇ ಇಲ್ಲ. ಅದರ ಮೇಲೆ ಅವರಿಗೆ ಎಂಥ ಹೆಮ್ಮೆ ಎಂದು ನಿನಗೆ ಗೊತ್ತಲ್ಲ. ಅವರ ಹೆಂಡತಿ ಚೀಲದಿಂದಲೇ ಎರಡು ತೆಗೆದರು. ಡಾಕ್ಟರಮ್ಮ ಬೇಡ ಬೇಡ ಎಂದು ಎಷ್ಟೋ ಹೇಳಿ, ಕೇಳದಿದ್ದಾಗ ಸೂಜಿಮದ್ದು ಕೈಯಲ್ಲಿ ಹಿಡಿದು ನನ್ನ ಪಕ್ಕ ಕೂತಿದ್ದರು. ನಾನು ಕಚ್ಚಿ, ಎಲ್ಲರಿಗೂ ಕೇಳುವ ಹಾಗೆ ಎಣಿಸಿದೆ. ಇಪ್ಪತ್ತಕ್ಕೆ ಮಾತು ತೊದಲಿತು. ಮೂವತ್ತಕ್ಕೆ ಮೇಲ್ತುಟಿ ಹಣ್ಣಿನ ಹೋಳಿನಷ್ಟು ದಪ್ಪವಾಯಿತು. ಹಿಂದಿನಿಂದ ಯಾರೋ, "ನಾಟಕ" ಎಂದರು. ಅಧ್ಯಕ್ಷರ ಹೆಂಡತಿ ಎದ್ದು ಬಂದು ನನ್ನ ತುಟಿಯನ್ನು ಬೆರಳಿಂದ ಮುಟ್ಟಿ ನೋಡಿದರು. ತಿರುಗಿ, "ಇದು ನಾಟಕ ಅಲ್ಲ ಕಣ್ರಿ" ಎಂದರು.

ಆಗ ನಾನು ಕೇಳಿದೆ, "ಅಧ್ಯಕ್ಷರೇ, ನಿಮ್ಮ ಹಣ್ಣಿಗೆ ಏನು ಹೊಡೆದಿದ್ದೀರಿ?"

ಅವರು ಮೇಜಿನ ಮೇಲಿದ್ದ ಇನ್ನೊಂದು ಸೇಬನ್ನು ಎತ್ತಿ ಚೀಲಕ್ಕೆ ಹಾಕಿದರು.

ಗಂಟಲು ಬಿಗಿಯತೊಡಗಿತ್ತು. ಹೂವಿನ ಕಾಲದಲ್ಲಿ ಮೈ ಮೊದಲೇ ಕೆರಳಿರುತ್ತದಂತೆ. ಸೂಜಿ ಚುಚ್ಚಿಸಿಕೊಂಡು ಅಲ್ಲೇ ಬೆಂಚಿನ ಮೇಲೆ ಮಲಗಿದೆ. ಮಲಗಿದ್ದಾಗಲೇ ಅವರು ಕೈ ಎತ್ತಿ ನಿರ್ಣಯ ಮಾಡಿದ್ದು ಕೇಳಿಸಿತು. ನಿನ್ನ ಹೆಸರಿನ ಮೇಲಿದ್ದದ್ದನ್ನು ತೆಗೆದಿದ್ದಾರೆ. ಆ ಕಾಗದದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಇನ್ನು ಯಾವ ತೋಟದಲ್ಲಾದರೂ ನೀನು ಮರ ಮುಟ್ಟಬಹುದು.

ನನ್ನ ಕುರ್ಚಿ ಹೋಯಿತು, ಅದು ಹೋಗಲೇಬೇಕಿತ್ತು. ಶೀಸೆಗೆ ಚೀಟಿ ಅಂಟಿಸುವ ಕಡೆ ಹಾಕಿದ್ದಾರೆ. ಮೂರು ವರ್ಷದಲ್ಲಿ ಇನ್ನೆಷ್ಟು ಜನರ ಪೆಟ್ಟಿಗೆಗೆ ಸುಳ್ಳು ಗೀಟು ಎಳೆದೆನೋ ಎಂದು ಹಳೇ ಪುಸ್ತಕ ತಿರುವಿ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ.

ನನ್ನ ಕುರ್ಚಿಗಾಗಿ ನೀನು ಕೊಟ್ಟದ್ದನ್ನು ನಾನು ಜನ್ಮದಲ್ಲಿ ತೀರಿಸಲಾರೆ. ಮನೆಗೆ ಬಾ. ಅಪ್ಪ ಕರೆಯುತ್ತಾನೆ, ಅವನಿಗೆ ಸ್ವಲ್ಪ ಹೊತ್ತು ಕೊಡು.

ನಿನ್ನ ಮಗು

*

ಜೂನ್ 9

ತಮ್ಮ,

ಈ ಕಾಗದ ಐದನೆಯದು. ನಾಲ್ಕನ್ನು ಹರಿದೆ. ಮಾತಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಊರು ಹೇಳುತ್ತದೆ. ಒಂದೇ ಒಂದು ಸಾಲು ಬರೆಯಲು ಹದಿನೈದು ದಿನ ಹಿಡಿಯಿತು, ಆ ಸಾಲನ್ನು ಇನ್ನೂ ಬರೆದಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಷ್ಟು ಹೇಳಿದರೆ ಸಾಕೇ? ಸಾಲದು ಎಂದು ಗೊತ್ತು. ಮಗುವಿನ ಕುರ್ಚಿ ಉಳಿಸಲು ನೀನು ವಿಷ ನುಂಗಿದೆ. ನಾನು ನಿನ್ನ ಬಾಯಲ್ಲಿ ವಿಷ ಕಂಡೆ. ಲೋಕದಲ್ಲಿ ನಿನ್ನಂಥ ತಮ್ಮನಿಲ್ಲ.

ಒಂದು ಸುದ್ದಿ ಇದೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಮೊನ್ನೆ ಹೊಸ ಸಾಲಿನ ಕಡೆ ಹೋದೆ. ಕಡಿದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಮರಗಳು ಚಿಗುರಿವೆ. ಹೌದು ಕಣೋ. ಬುಡಬುಡದಲ್ಲೂ ಮೊಣಕಾಲೆತ್ತರದ ಕೆಂಪು ಚಿಗುರು. ಎಣಿಸಿದೆ, ನೂರ ಹದಿನೆಂಟು ಬದುಕಿವೆ. ಅಲ್ಲೇ ಕೂತುಬಿಟ್ಟೆ. ನೀರು ಹಾಕುತ್ತಿದ್ದೇನೆ, ಸುತ್ತ ಬೇಲಿ ಕಟ್ಟಿದ್ದೇನೆ. ನಿನ್ನ ಹಣ್ಣು ಮತ್ತೆ ಬರುತ್ತದೆ. ಸಾಯದ ಮರ ಅದು, ನಿನ್ನ ಹಾಗೆ ಮೊಂಡು.

ಬಾ. ಬಂದು ಯಾವ ಚಿಗುರು ಇಡಬೇಕು, ಯಾವುದು ತೆಗೆಯಬೇಕು ಎಂದು ಹೇಳು. ಈ ಸಲ ಕೇಳುತ್ತೇನೆ. ಅಟ್ಟದಿಂದ ತಟ್ಟೆ ಇಳಿಸಿದ್ದೇನೆ.

ನಿನ್ನ ಅಣ್ಣ

*

ಜೂನ್ 21

ಮಗೂ,

ಮೂರು ಕಾಗದ ಬಂತು. ನಂಗೆ ಬರೆಯೋದು ನಿಧಾನ, ನಿಂಗೆ ಗೊತ್ತು. ಕೈಗವಸು ಬೆಚ್ಚಗಿದೆ. ತುಟಿ ಇಳಿಯಿತಾ? ಇನ್ನು ಹಾಗೆಲ್ಲ ತಿನ್ನಬೇಡ.

ಸಂಘದ ಕಾಗದ ಇಟ್ಕೊಂಡಿದೀನಿ. ಬೆಟ್ಟದ ಆಚೆ ಒಂದು ತೋಟದವರು ಕರೆದಿದಾರೆ, ಹೋಗ್ತೀನಿ. ಬಲಗೈಯ ಎರಡು ಬೆರಳಿಗೆ ಸ್ಪರ್ಶ ಕಡಿಮೆಯಾಗಿದೆ. ಚಾಕು ಹಿಡಿಯೋಕೆ ಬೇರೆ ಥರ ಕಲೀತಾ ಇದೀನಿ. ನೀನು ಯಾವಾಗ ಬೇಕಾದ್ರೂ ಬಾ. ಅಣ್ಣನ್ನ ಕರ್ಕೊಂಡು ಬರಬೇಡ.

ನಿನ್ನ ಕುರ್ಚಿಗಾಗಿ ಒಪ್ಕೊಂಡೆ ಅಂತ ಬರೆದಿದೀಯ. ಅಣ್ಣನೂ ಹಾಗೇ ಬರೆದಿದಾನೆ. ಹಾಗಂದ್ಕೊಂಡ್ರೆ ನಿಂಗೆ ಭಾರ, ಅವನಿಗೆ ಹಗುರ. ಅದಕ್ಕೆ ನಿಜ ಹೇಳ್ತೀನಿ. ನಿನ್ನ ಕುರ್ಚಿ ಆವತ್ತು ನನ್ನ ತಲೇಲಿ ಇರಲೇ ಇಲ್ಲ. ಅಣ್ಣ ಮೂರು ಸಲ ಕೇಳಿದ. ಮೊದಲನೇ ಸಲ ಕೇಳಿದ್ದು ಪ್ರಶ್ನೆ, ಇಲ್ಲ ಅಂದೆ. ಎರಡನೇ ಸಲ ಅವನ ಮುಖ ನೋಡಿದೆ. ಮೂರನೇ ಸಲ ಅವನು ಕೇಳ್ತಾ ಇರಲಿಲ್ಲ. ಐವತ್ತೆಂಟು ವರ್ಷ ಒಂದೇ ಮನೇಲಿ ಇದ್ವಿ. ಇಲ್ಲ ಅಂತ ಇನ್ನೊಂದು ಸಲ ಹೇಳೋಕೆ ನಂಗೆ ಮನಸ್ಸಾಗಲಿಲ್ಲ. ಅಷ್ಟೇ.

ನಿನ್ನ ಮೇಲೆ ಏನೂ ಇಲ್ಲ. ಬಾಯಿ ಉರೀತು, ಉರೀತು ಅಂದೆ. ಅದು ನಿನ್ನ ಕೆಲಸ.

ಇನ್ನೊಂದು ಮಾತು. ಬುಡಗಳು ಚಿಗುರಿವೆ ಅಂತ ಅಣ್ಣ ಬರೆದಿದಾನೆ, ನೀರು ಹಾಕ್ತಿದಾನಂತೆ. ಅವನು ಕೊಯ್ದಿದ್ದು ಕಸಿ ಕೂಡಿಸಿದ ಗಂಟಿಗಿಂತ ಕೆಳಗೆ. ನೆಲಕ್ಕೆ ಹತ್ತಿಸಿ ಕೊಯ್ದ, ನೋಡಿದೀನಿ. ಗಂಟಿನ ಮೇಲಿದ್ದದ್ದು ನನ್ನ ಹಣ್ಣು, ಅದರ ಕಡ್ಡಿ ಎಲ್ಲೂ ಉಳಿದಿಲ್ಲ. ಬೇಲಿ ಹತ್ರ ಇದ್ದ ತಾಯಿಗಿಡ ಅದಕ್ಕೂ ಮೊದಲೇ ಬುಡಸಮೇತ ಒಣಗಿಹೋಗಿತ್ತು. ಈಗ ಬರ್ತಾ ಇರೋದು ಕಾಡುಸೇಬಿನ ಚಿಗುರು. ನಾಲ್ಕೈದು ವರ್ಷಕ್ಕೆ ಗೋಲಿಯಷ್ಟು ಕಾಯಿ ಬಿಡುತ್ತೆ, ಬಾಯಿಗಿಡೋಕಾಗಲ್ಲ. ಅಲ್ಲೀತನಕ ಅವನು ಕಾಯ್ಕೊಂಡು ಕೂರ್ತಾನೆ.

ಕಾಯೋದು ಬೇಡ ಅಂತ ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ.

ಚಿಕ್ಕಪ್ಪ